ಹತ್ತನೆಯ ಸಾಲು

ಹನುಮಸಾಗರ
೧೮ ನವೆಂಬರ್ ೨೦೨೪

ಅನೀಸಾ,

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ನೀನು ಮೂರು ಸಲ ಫೋನ್ ಮಾಡಿದ್ದು ನನಗೆ ಗೊತ್ತು. ಮೂರು ಸಲವೂ ಅವ್ವನೇ ಎತ್ತಿ "ಆಕಿ ಮಕ್ಕೊಂಡಾಳವಾ" ಎಂದು ಇಟ್ಟುಬಿಟ್ಟಳು. ನಾನೆಲ್ಲಿ ಮಲಗಿದ್ದೆ? ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಹೊರಸಿನ ಕೆಳಗೆ ಕೆಂಡ, ಕೈಯಲ್ಲಿ ಅಂಟಿನುಂಡಿ. ಕಣ್ಣು ಬಿಟ್ಟುಕೊಂಡು ಆಕೆಯ ಸುಳ್ಳನ್ನು ಕೇಳುತ್ತ ಕೂತಿದ್ದೆ.

"ಬಾಣಂತಿ ಫೋನ್ ನೋಡಿದ್ರ ಕಣ್ಣ ಹೋಗ್ತಾವ. ಮೂರ್ ತಿಂಗಳು ಅದರ ಸುದ್ದಿ ತಗೀಬ್ಯಾಡ" ಎಂದು ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಕಾಗದವನ್ನಾದರೂ ಬರೆಯಲೇ ಎಂದು ಕೇಳಿದೆ. "ಕಾಗದಾ ಬೇಕಾದಷ್ಟ ಬರಿ. ಅದರಾಗ ಬೆಳಕ ಬರೂದಿಲ್ಲ" ಅಂದಳು. ನಮ್ಮ ಸೋದರಮಾವನ ಮಗ ಕಲ್ಲೇಶ ಕೊಪ್ಪಳದ ಬಸ್ಸಿಗೆ ಕಂಡಕ್ಟರ್ ಅಲ್ಲವೇ, ಇನ್ನು ಮೇಲೆ ಅವನೇ ನಮ್ಮ ಅಂಚೆಯವ.

ಮಗಳು ದೀಪಾವಳಿ ಮುಗಿದ ಮೇಲೆ ಹುಟ್ಟಿದಳು. ಉದ್ದಕ್ಕಿದ್ದಾಳೆ, ಕಪ್ಪಗಿದ್ದಾಳೆ, ಭಾರಿ ಸಿಟ್ಟಿನವಳು.

ಈಗ ಕೆಲಸದ ಮಾತು. ಪ್ರಿನ್ಸಿಪಾಲ್ ಉಮಾಪತಿ ಸರ್ ಹೇಳಿದ್ದನ್ನು ನೀನೂ ಕೇಳಿದ್ದೀ. ಜನವರಿ ಇಪ್ಪತ್ತಕ್ಕೆ ತಪಾಸಣೆಯವರು ಬರುತ್ತಾರೆ. ಅಂದು ಮೂವತ್ತು ಹುಡುಗರು ತಮ್ಮ ತಮ್ಮ ವರ್ಚುವಲ್ ಮಷೀನ್ ತೆರೆದು ತೋರಿಸಬೇಕು. ಆಗದಿದ್ದರೆ ಆ ಲ್ಯಾಬ್ ಇರುವುದಿಲ್ಲ, ನನ್ನ ಕರಾರಿನ ಹುದ್ದೆಯೂ ಇರುವುದಿಲ್ಲ. ಏಳು ವರ್ಷ ಆ ಕೋಣೆಯಲ್ಲಿ ಕಳೆದಿದ್ದೇನೆ. ಮನೆಯಲ್ಲಿ ನಾನು ಮಗಳು, ಸೊಸೆ, ಈಗ ತಾಯಿ. ಅಲ್ಲಿ ಮಾತ್ರ ಶಾಂಭವಿ ಮೇಡಮ್. ಅದು ಹೋದರೆ ನನ್ನ ಜೀವ ತಡೆಯುವುದಿಲ್ಲ, ಅನೀಸಾ.

ನೀನು ಟೈಪಿಂಗ್ ಮತ್ತು ಎಕ್ಸೆಲ್ ಕಲಿಸುವವಳು, ಇದು ಹೊಸದು ಎಂದು ಹೆದರಬೇಡ. ನಮ್ಮಲ್ಲಿ ಆರು ಹಳೆಯ ಯಂತ್ರಗಳಿವೆ. ಒಂದು ಕಂಟ್ರೋಲರ್, ಎಲ್ಲಕ್ಕೂ ಹುಕುಂ ಕೊಡುವುದು. ಉಳಿದ ಐದರಲ್ಲಿ ಒಂದೊಂದರೊಳಗೂ ಆರಾರು ವರ್ಚುವಲ್ ಮಷೀನ್ ಎಬ್ಬಿಸಬೇಕು. ಒಂದೇ ಮನೆಯಲ್ಲಿ ಆರು ಬಿಡಾರ ಮಾಡಿದ ಹಾಗೆ. ನಡುವೆ ಗೋಡೆ ಎಬ್ಬಿಸುವುದು ಹೈಪರ್‌ವೈಸರ್. ಯಾರಿಗೆ ಯಾವ ಬಿಡಾರ, ಎಷ್ಟು ದೊಡ್ಡದು, ಯಾವಾಗ ಖಾಲಿ ಮಾಡಿಸಬೇಕು ಎಂದು ನೋಡಿಕೊಳ್ಳುವುದು ಕಂಪ್ಯೂಟ್ ಸರ್ವಿಸ್. ಆ ಸರ್ವಿಸನ್ನು ಐದೂ ಯಂತ್ರಗಳಲ್ಲಿ ಕೂರಿಸಿ, ಕಂಟ್ರೋಲರ್‌ಗೆ ಗಂಟು ಹಾಕುವುದಷ್ಟೇ ಕೆಲಸ.

ಬೇರೆ ಹಾಳೆಯಲ್ಲಿ ಒಂಬತ್ತು ಸಾಲು ಬರೆದು ಇದರೊಳಗೆ ಇಟ್ಟಿದ್ದೇನೆ. ಒಂದಾದ ಮೇಲೆ ಒಂದು ಮಾಡು. ಒಂಬತ್ತು ಮುಗಿದರೆ ಲ್ಯಾಬ್ ಎದ್ದಂತೆ.

ನಿನ್ನನ್ನೇ ನಂಬಿಕೊಂಡಿರುವ
ಶಾಂಭವಿ ಅಕ್ಕ


ಕೊಪ್ಪಳ
೨೯ ನವೆಂಬರ್ ೨೦೨೪

ಅಕ್ಕಾ,

ನಿಮ್ಮ ಕಲ್ಲೇಶಣ್ಣ ಪತ್ರವನ್ನು ಟಿಕೆಟ್ ಚೀಲದಿಂದ ತೆಗೆದು ಎಲ್ಲರೆದುರು "ಇದಕ್ಕೂ ಟಿಕೆಟ್ ಹರೀಲೇನ್ರಿ" ಎಂದು ಕೇಳಿದ. ನಾಚಿಕೆಯಾಯಿತು, ನಗುವೂ ಬಂತು.

ಮಗಳಿಗೆ ನನ್ನದೊಂದು ಮುತ್ತು. ನಮ್ಮ ಅಜ್ಜಿ ಹಸೀಬಾ ಕುಲಾವಿ ಹೊಲಿಯುತ್ತಿದ್ದಾಳೆ. ಕೂಸಿನ ತಲೆಯ ಅಳತೆ ಕಳಿಸಬೇಕಂತೆ.

ಇನ್ನು ನನ್ನ ಕಥೆ. ಮೊದಲನೇ ಸಾಲಿನಲ್ಲೇ ಎಡವಿದೆ. ಪ್ರೊಸೆಸರ್ ಹೈಪರ್‌ವೈಸರ್‌ಗೆ ಒಪ್ಪುತ್ತದೋ ಇಲ್ಲವೋ ಎಂದು ಕೇಳಿದರೆ ಎರಡು ಯಂತ್ರಗಳು ಸೊನ್ನೆ ಎಂದವು. ನೀವು ಬರೆದಿದ್ದಂತೆ, ಆನ್ ಮಾಡುವಾಗ ಬರುವ ನೀಲಿ ಪರದೆಗೆ ಹೋಗಿ ವರ್ಚುವಲೈಸೇಶನ್ ಎಂಬುದನ್ನು ಹುಡುಕಿ ಚಾಲೂ ಮಾಡಿದೆ. ಮತ್ತೆ ಕೇಳಿದೆ, ನಾಲ್ಕು ಎಂದವು. ಆ ನಾಲ್ಕನ್ನು ನೋಡಿ ಕುಣಿದೇಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಮುದಿಯಪ್ಪಣ್ಣ "ಏನ್ ನೌಕರಿ ಬಂತೇನ್ರಿ ಮೇಡಮ್" ಎಂದು ಕೇಳಿದರು.

ಆಮೇಲೆ ಜಾಣತನ ಮಾಡಲು ಹೋದೆ. ಒಂದು ಯಂತ್ರದಲ್ಲಿ ಕಾನ್ಫಿಗರೇಶನ್ ಫೈಲನ್ನು ಚೆನ್ನಾಗಿ ತುಂಬಿದೆ: ಕಂಟ್ರೋಲರ್‌ನ ವಿಳಾಸ, ತನ್ನ ವಿಳಾಸ, ಪಾಸ್‌ವರ್ಡ್ ಎಲ್ಲ. ಅದನ್ನೇ ಉಳಿದ ನಾಲ್ಕಕ್ಕೂ ಕಾಪಿ ಹೊಡೆದೆ. ಈಗ ಐದೂ ಯಂತ್ರಗಳು ನಾನೇ ಒಂದನೆಯವನು, ನಾನೇ ಒಂದನೆಯವನು ಎನ್ನುತ್ತಿವೆ. ಹಾಜರಿ ಕರೆದರೆ ಒಬ್ಬನೇ ಎಲ್ಲರ ಪರವಾಗಿ ಕೂಗುವ ನಮ್ಮ ಮೂರನೇ ಸೆಮಿಸ್ಟರಿನ ಕ್ಲಾಸಿನಂತಾಗಿದೆ. ಏನು ಮಾಡಲಿ?

ಬೆಳಿಗ್ಗೆ ಇಲ್ಲಿ ಪಾಠ, ಮಧ್ಯಾಹ್ನ ಯಲಬುರ್ಗಾದಲ್ಲಿ ಪಾಠ, ಊಟ ಬಸ್ಸಿನಲ್ಲಿ. ಆದರೂ ಸಂಜೆ ಬಂದು ಎರಡು ತಾಸು ಕೂರುತ್ತಿದ್ದೇನೆ. ನಿಮ್ಮ ಹುದ್ದೆ ಎಲ್ಲಿಗೂ ಹೋಗಲು ಬಿಡುವುದಿಲ್ಲ.

ನಿಮ್ಮ
ಅನೀಸಾ


ಹನುಮಸಾಗರ
೬ ಡಿಸೆಂಬರ್ ೨೦೨೪

ಅನೀಸಾ,

ಕಾಪಿ ಹೊಡೆದೆಯಾ! ಪರೀಕ್ಷೆಯಲ್ಲಿ ಹುಡುಗರನ್ನು ಹಿಡಿಯುವವಳು ನೀನೇ ಹೀಗೆ ಮಾಡಿದರೆ ಹೇಗೆ? ಫೈಲಿನಲ್ಲಿ ಮೇಲಿನಿಂದ ನಾಲ್ಕನೇ ಸಾಲು ನೋಡು, ಅಲ್ಲಿ ಆಯಾ ಯಂತ್ರ ತನ್ನ ಸ್ವಂತ ವಿಳಾಸ ಹೇಳಬೇಕು. ಅದೊಂದನ್ನು ತಿದ್ದಿದರೆ ಸಾಕು, ಉಳಿದದ್ದು ಐದಕ್ಕೂ ಒಂದೇ. ತಿದ್ದಿದ ಮೇಲೆ ಸರ್ವಿಸನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದನ್ನು ಮರೆಯಬೇಡ.

ಅವ್ವ ಬಾಗಿಲ ಹತ್ತಿರ ಬೆಳಕಿನಲ್ಲಿ ಕೂರಲು ಬಿಡುತ್ತಾಳೆ, ಅದೂ ಅರ್ಧ ತಾಸು. ಪಕ್ಕದ ಮನೆಯ ಹೊಳಿಯಮ್ಮ ಬಂದು, "ಏನ್ ಬರೀತಾಳ ಈಕಿ ಅಷ್ಟ? ಗಂಡಗೇನು?" ಎಂದು ಕೇಳಿದಳು. "ಇಲ್ಲಬೇ, ಮಷೀನಿಗಿ" ಎಂದಳು ಅವ್ವ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ಗಂಗಾವತಿಯ ರೈಸ್ ಮಿಲ್ಲಿನಿಂದ ವಾರಕ್ಕೊಮ್ಮೆ ಬರುವ ಗಂಡನಿಗೆ ನಾನು ಒಂದು ಸಾಲನ್ನೂ ಬರೆದಿಲ್ಲ, ಅದು ನಿಜ.

ಕೂಸಿನ ತಲೆಯ ಅಳತೆ: ಈ ಪತ್ರದ ಜೊತೆ ಇರುವ ದಾರದಷ್ಟು. ಹಸೀಬಾ ಅಜ್ಜಿಗೆ ನನ್ನ ನಮಸ್ಕಾರ ಹೇಳು.

ಶಾಂಭವಿ ಅಕ್ಕ


ಕೊಪ್ಪಳ
೧೪ ಡಿಸೆಂಬರ್ ೨೦೨೪

ಅಕ್ಕಾ,

ಐದೂ ಯಂತ್ರಗಳಿಗೆ ತಮ್ಮ ತಮ್ಮ ವಿಳಾಸ ಬಂತು. ಆದರೆ ವಾರವೆಲ್ಲ ಬೇರೊಂದು ಪೀಡೆ ಕಾಡಿತು. ಐದೂ ಜೀವಂತವಾಗಿದ್ದವು, ಫ್ಯಾನು ಗುರ್ರೆನ್ನುತ್ತಿದ್ದವು. ಕಂಟ್ರೋಲರ್ ಮಾತ್ರ ಐದನ್ನೂ ಡೌನ್ ಎಂದು ತೋರಿಸುತ್ತಿತ್ತು. ವೈರು ಬದಲಿಸಿದೆ. ಪಾಸ್‌ವರ್ಡ್ ಮತ್ತೆ ಬರೆದೆ. ನಿಮ್ಮನ್ನು ಮನಸಾರೆ ಬೈದೆ, ಅದನ್ನೂ ಹೇಳಿಬಿಡುತ್ತೇನೆ. ಕೊನೆಗೆ ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿನ ಸಮಯ ನೋಡಿದೆ. ಕಂಟ್ರೋಲರ್‌ನಲ್ಲಿ ಒಂಬತ್ತೂವರೆ. ಐದರಲ್ಲೂ ಒಂಬತ್ತು ನಲವತ್ತು! ಸಮಯ ತಾಳೆಯಾಗದ ಯಂತ್ರವನ್ನು ಕಂಟ್ರೋಲರ್ ಸತ್ತಿದೆ ಎಂದೇ ಎಣಿಸುತ್ತದೆ.

ಸಮಯ ಕೆಡಿಸುವವರು ಯಾರೆಂದು ನೋಡಲು ಮರುದಿನ ಬೇಗ ಬಂದು ಬಾಗಿಲ ಹಿಂದೆ ನಿಂತೆ. ಮುದಿಯಪ್ಪಣ್ಣ ಬಂದರು. ಚಪ್ಪಲಿ ಬಿಟ್ಟರು. ಒಂದೊಂದೇ ಯಂತ್ರ ಆನ್ ಮಾಡಿ, ಗೋಡೆಯ ಗಡಿಯಾರ ನೋಡಿ ನೋಡಿ ಸಮಯ ತುಂಬತೊಡಗಿದರು. ಆ ಯಂತ್ರಗಳೊಳಗಿನ ಬ್ಯಾಟರಿ ಎಂದೋ ಸತ್ತಿವೆಯಂತೆ, ದಿನಾ ಬೆಳಿಗ್ಗೆ ಹಳೆಯ ಯಾವುದೋ ಇಸವಿಯಲ್ಲಿ ಏಳುತ್ತವೆ. "ಒಂಬತ್ ವರ್ಷ ಆತ್ರಿ ಮೇಡಮ್. ನಾ ಟೈಮ್ ಹಚ್ಚದ ಒಂದ್ ಮಷೀನೂ ಪಾಠಕ್ಕ ಕುಂತಿಲ್ಲ" ಎಂದರು ಹೆಮ್ಮೆಯಿಂದ. ಆ ಗೋಡೆಯ ಗಡಿಯಾರವನ್ನು ಉಮಾಪತಿ ಸರ್ ಹತ್ತು ನಿಮಿಷ ಮುಂದೆ ಇಡಿಸಿದ್ದಾರಲ್ಲ, ಯಾರೂ ತಡ ಮಾಡಬಾರದೆಂದು! ಕಂಟ್ರೋಲರ್ ಮೇಲೆ ನೀವು "ಮುಟ್ಟಿದರೆ ಜೋಕೆ" ಎಂದು ಚೀಟಿ ಅಂಟಿಸಿದ್ದೀರಿ, ಅದಕ್ಕೆ ಅದೊಂದನ್ನು ಮುಟ್ಟಿಲ್ಲ, ಅದರ ಬ್ಯಾಟರಿಯೂ ಇನ್ನೂ ಗಟ್ಟಿಯಿದೆ.

ತಪ್ಪು ಹೇಗೆ ಹೇಳಲಿ ಅಕ್ಕಾ? ಹೇಳಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಮೂರು ದಿನದಿಂದ ಚಹಾ ತಂದುಕೊಟ್ಟಿಲ್ಲ. ಇದಕ್ಕೆ ಗಟ್ಟಿಯಾದ ದಾರಿ ಏನು, ಬರೆಯಿರಿ.

ಅನೀಸಾ


ಕೊಪ್ಪಳ
೧೯ ಡಿಸೆಂಬರ್ ೨೦೨೪
ಕಳಿಸದೆ ಪುಸ್ತಕದಲ್ಲಿ ಮಡಚಿಟ್ಟದ್ದು

ಅಕ್ಕಾ,

ಇಂದು ಉಮಾಪತಿ ಸರ್ ಕರೆದಿದ್ದರು. "ನೋಡವಾ ಅನೀಸಾ, ಹುದ್ದೆ ಒಂದ ಐತಿ. ಶಾಂಭವಿ ಯಾವಾಗ ಬರ್ತಾಳೋ, ಬರ್ತಾಳೋ ಇಲ್ಲೋ, ಯಾರಿಗ್ ಗೊತ್ತು. ಲ್ಯಾಬ್ ನಿಂದ್ರಿಸಿದಾಕಿ ನೀನ ಅಲ್ಲೇನು? ಜನವರಿ ಇಪ್ಪತ್ತನೇ ತಾರೀಕ ಸಂಜಿಕ ಕರಾರಿನ ಫಾರಮ್ಮಿನಾಗ ನಿನ್ನ ಹೆಸರು ತುಂಬಿ ಕೊಡು" ಎಂದರು.

ಇಲ್ಲ ಸರ್, ಅದು ಅಕ್ಕನ ಹುದ್ದೆ ಎನ್ನಬೇಕಿತ್ತು. "ಆಗಲಿ ಸರ್" ಎಂದು ಬಂದೆ.

ಆರು ವರ್ಷದಿಂದ ಗಂಟೆಯ ಲೆಕ್ಕದಲ್ಲಿ ದುಡಿಯುತ್ತಿದ್ದೇನೆ ಅಕ್ಕಾ. ಸ್ಟಾಫ್ ರೂಮಿನಲ್ಲಿ ನನ್ನದೆಂದು ಒಂದು ಕುರ್ಚಿಯಿಲ್ಲ. ಯಾರು ರಜೆಯೋ ಅವರ ಕುರ್ಚಿ ನನ್ನದು. ಈಗ ದಿನಾ ಸಂಜೆ ನಿಮ್ಮ ಕುರ್ಚಿಯಲ್ಲಿ ಕೂತು ಅಭ್ಯಾಸವಾಗಿದೆ. ಇದನ್ನು ನಿಮಗೆ ಹೇಗೆ ಬರೆಯಲಿ? ಬರೆಯುವುದಿಲ್ಲ.


ಹನುಮಸಾಗರ
೨೭ ಡಿಸೆಂಬರ್ ೨೦೨೪

ನನ್ನ ಬಂಗಾರದಂಥ ಅನೀಸಾ,

ಗಡಿಯಾರದ ಸುದ್ದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಲಿಗೆ ಬಿಚ್ಚೀತು ಎಂದು ಅವ್ವ ಬೈದಳು. ಏಳು ವರ್ಷ ಅವರು ಸಮಯ ತುಂಬುವುದನ್ನು ನಾನೂ ನೋಡಿದ್ದೇನೆ, ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಕಂಡುಹಿಡಿದವಳು ನೀನು. ಶಹಬ್ಬಾಸ್!

ದಾರಿ ಹೀಗೆ: ಐದೂ ಯಂತ್ರಗಳು ಕಂಟ್ರೋಲರ್‌ನಿಂದಲೇ ಸಮಯ ಕೇಳಿಕೊಳ್ಳುವಂತೆ ಮಾಡಬೇಕು. ಹೇಗೆಂದು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಆದರೆ ಮುದಿಯಪ್ಪಣ್ಣನಿಗೆ ನಿಮ್ಮ ಕೆಲಸ ಇನ್ನು ಬೇಡ ಎನ್ನಬೇಡ. ಬೆಳಿಗ್ಗೆ ಬಂದು ಆರೂ ಯಂತ್ರಗಳ ಸಮಯ ಒಂದೇ ಇದೆಯೋ ಇಲ್ಲವೋ ನೋಡಿ ನಿನಗೆ ಹೇಳಬೇಕು, ಅದು ಅವರ ಜವಾಬ್ದಾರಿ ಎಂದು ಹೇಳು. ಚಹಾ ತಾನಾಗಿ ಬರುತ್ತದೆ.

ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಅವ್ವ ಇಟಗಿಯ ಮಹಾದೇವನಿಗೆ ಹರಕೆ ಹೊತ್ತಿದ್ದಳು, ಅದಕ್ಕೆ ಮಾದೇವಿ ಎಂದೇ ಹೆಸರು. ಹಸೀಬಾ ಅಜ್ಜಿಯ ಹಸಿರು ಕುಲಾವಿ ಹಾಕಿದ್ದೆವು. ಬಂದವರೆಲ್ಲ ಯಾರು ಹೊಲಿದದ್ದು ಎಂದು ಕೇಳಿದರು. ನಮ್ಮ ತಂಗಿಯ ಅಜ್ಜಿ ಎಂದೆ.

ಕಂಟ್ರೋಲರ್‌ನ ದೊಡ್ಡ ಪಾಸ್‌ವರ್ಡ್ ಯಾರಿಗೂ ಕೊಟ್ಟಿರಲಿಲ್ಲ, ಉಮಾಪತಿ ಸರ್‌ಗೂ. ಅದನ್ನು ಇದರೊಳಗೆ ಇಟ್ಟಿದ್ದೇನೆ. ನೀನಿಲ್ಲದಿದ್ದರೆ ನನ್ನ ಹುದ್ದೆ ಇಷ್ಟು ಹೊತ್ತಿಗೆ ಗಾಳಿಗೆ ಹೋಗಿರುತ್ತಿತ್ತು. ನೀನು ಕಾಯುತ್ತಿದ್ದೀಯೆಂದು ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತೇನೆ.

ಪ್ರೀತಿಯಿಂದ
ಶಾಂಭವಿ ಅಕ್ಕ ಮತ್ತು ಮಾದೇವಿ


ಕೊಪ್ಪಳ
೪ ಜನವರಿ ೨೦೨೫

ಅಕ್ಕಾ,

ಒಂಬತ್ತು ಸಾಲೂ ಮುಗಿದವು. ಸಮಯ ಸರಿಯಾಯಿತು, ಚಹಾ ಬಂತು. ಐದೂ ಯಂತ್ರಗಳು ಈಗ ಅಪ್ ಎಂದು ತೋರಿಸುತ್ತಿವೆ. ಆದರೆ ಒಂದೇ ಒಂದು ವರ್ಚುವಲ್ ಮಷೀನ್ ಎಬ್ಬಿಸಲು ಹೋದರೂ "ನೋ ವ್ಯಾಲಿಡ್ ಹೋಸ್ಟ್ ವಾಸ್ ಫೌಂಡ್" ಎನ್ನುತ್ತದೆ. ಜಾಗ ಕೊಡುವ ಮನೆ ಒಂದೂ ಸಿಗಲಿಲ್ಲವಂತೆ. ಐದು ಮನೆ ಎದುರಿಗೇ ಇವೆ! ನಿಮ್ಮ ಹಾಳೆಯನ್ನು ಇಪ್ಪತ್ತು ಸಲ ಓದಿದೆ. ಇನ್ನು ಹದಿನಾರು ದಿನ ಉಳಿದಿವೆ.

ಇನ್ನೊಂದು ಮಾತಿದೆ. ನೀವು ಬಂಗಾರ ಎಂದು ಬರೆದ ಮೇಲೆ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸ್ ಒಯ್ಯುತ್ತಿದ್ದೇನೆ. ಡಿಸೆಂಬರ್ ಹತ್ತೊಂಬತ್ತಕ್ಕೆ ಉಮಾಪತಿ ಸರ್ ನಿಮ್ಮ ಹುದ್ದೆಗೆ ನನ್ನ ಹೆಸರು ತುಂಬಿ ಕೊಡು ಎಂದರು. ನಾನು ಆಗಲಿ ಎಂದೆ. ಅಂದೇ ನಿಮಗೆ ಒಂದು ಪತ್ರ ಬರೆದು ಕಳಿಸದೆ ಇಟ್ಟುಕೊಂಡೆ. ಅದಾದ ಮೇಲೆ ನಿಮ್ಮ ಪಾಸ್‌ವರ್ಡ್ ಬಂತು. ಈಗ ಎರಡನ್ನೂ ಕಳಿಸುತ್ತಿದ್ದೇನೆ, ಆ ಪತ್ರವನ್ನು ಮತ್ತು ಈ ಪತ್ರವನ್ನು. ಬೈಯುವುದಿದ್ದರೆ ಬೈಯಿರಿ. ಮಾತು ಬಿಡಬೇಡಿ.

ಅನೀಸಾ


ಹನುಮಸಾಗರ
ತಾ. ೧೨, ಜನವರಿ

ಅನೀಸಾಗ ಶಾಂಭವಿ ಅವ್ವ ವಿರೂಪಾಕ್ಷಮ್ಮ ಮಾಡುವ ಆಶೀರ್ವಾದ.

ನಾನು ನಾಕನೇತ್ತ ಕಲತಾಕಿ. ತಪ್ಪ ಇದ್ರ ಹೊಟ್ಟ್ಯಾಗ ಹಾಕ್ಕೋ. ನಿನ್ನ ಕಾಗದಾ ಬಂದಾಗಿಂದ ಇಕಿ ಸರಿಯಾಗಿ ಉಂಡಿಲ್ಲ. ಸಜ್ಜಕಾ ಮಾಡಿಕೊಟ್ರ ಹಂಗ ಇಟ್ಟಾಳ. ಎದಿ ಹಾಲು ಕಮ್ಮಿ ಆಗಿ ಕೂಸು ಕಿರಕಿರಿ ಮಾಡಾಕ ಹತ್ತೇತಿ. ನಾಕ ಸಲ ಬರ್ಯಾಕ ಕುಂತ್ಲು, ನಾಕೂ ಸಲ ಹಾಳಿ ಹರದ್ಲು. ಏನವಾ ಅಂದ್ರ "ಅನೀಸಾಂದು ತಪ್ಪೈತಿ" ಅಂತಾಳ. ಆಮ್ಯಾಗ ಒಂದ್ ತಾಸ ಬಿಟ್ಟು "ನಂದೂ ಐತಿ" ಅಂತಾಳ. ನಿಂದೇನೈತಿ ಅಂದ್ರ ಹೇಳೂದಿಲ್ಲ.

ಸಾಕಾಗಿ ಟ್ರಂಕ ತಗದು ಫೋನ ಕೈಯಾಗ ಕೊಟ್ಟೆ, ಕಣ್ಣ ಹೋದ್ರ ಹೋಗ್ಲಿ ಮಾತಾಡು ಅಂತ. ವಾಪಸ್ ಕೊಟ್ಟಾಳ. ಬಾಯಿಲೆ ಹೇಳೂ ಮಾತಲ್ಲ ಅದು ಅಂತ.

ನಿಮ್ಮ ಮಷೀನ ನನಗ ತಿಳಿಯೂದಿಲ್ಲ. ನೀವಿಬ್ರೂ ಛಲೋ ಹುಡಿಗ್ಯಾರು ಅನ್ನೂದು ತಿಳಿತೈತಿ. ಉಂಡಿ ಕಳಿಸೇನಿ. ಅಜ್ಜಿಗಿ ಎರಡ್ ಕೊಡು.

ವಿರೂಪಾಕ್ಷಮ್ಮ


ಹನುಮಸಾಗರ
೧೮ ಜನವರಿ ೨೦೨೫

ಅನೀಸಾ,

ಸಂಕ್ರಾಂತಿಯೂ ಹೋಯಿತು, ನನ್ನ ಸಿಟ್ಟು ಹೋಗಲಿಲ್ಲ. ಮೊದಲು ಅದನ್ನೇ ಹೇಳುತ್ತೇನೆ. ನಿನ್ನ ಎರಡೂ ಪತ್ರ ಓದಿದ ದಿನ ಮೈ ಉರಿಯಿತು. ನಾನಿಲ್ಲಿ ಕೂಸಿಗೆ ಹಾಲು ಕೊಡುತ್ತ ನಿನ್ನ ಬಗ್ಗೆ ಹೆಮ್ಮೆ ಪಡುತ್ತಿದ್ದೆ, ನೀನಲ್ಲಿ ಆಗಲಿ ಸರ್ ಎಂದು ಬಂದಿದ್ದೆ.

ಈಗ ನನ್ನದನ್ನು ಕೇಳು. ನಿನಗೆ ಕೊಟ್ಟದ್ದು ಒಂಬತ್ತು ಸಾಲು. ಇರುವುದು ಹತ್ತು.

ಮರೆತದ್ದಲ್ಲ. ನವೆಂಬರಿನಲ್ಲಿ ಒಂಬತ್ತು ಬರೆದು, ಹತ್ತನೆಯದನ್ನು ಬರೆಯಲು ಹೋಗಿ ಪೆನ್ನಿಗೆ ಟೊಪ್ಪಿಗೆ ಹಾಕಿದೆ. ಅದೊಂದು ನನ್ನ ಹತ್ತಿರ ಇರಲಿ, ಅದು ಇರುವತನಕ ಅವರಿಗೆ ನಾನು ಬೇಕಾಗುತ್ತೇನೆ ಎಂದುಕೊಂಡೆ. ಕೊನೆಯ ದಿನ ಅವರು ದಿಕ್ಕುಗೆಟ್ಟಾಗ ಅವ್ವನನ್ನು ಒಪ್ಪಿಸಿ ಬಂದು ನಾನೇ ಟೈಪ್ ಮಾಡಬೇಕು, ಎಲ್ಲರೂ ನೋಡಬೇಕು ಎಂದಿತ್ತು. ಆಗಿನ್ನೂ ನಿನಗೆ ಯಾರೂ ಏನೂ ಹೇಳಿರಲಿಲ್ಲ. ನೀನು ಮುಚ್ಚಿಟ್ಟದ್ದು ಹದಿನಾರು ದಿನ. ನಾನು ಮುಚ್ಚಿಟ್ಟದ್ದು ಎರಡು ತಿಂಗಳು. ಅಷ್ಟು ದಿನ ನೀನು ಬಸ್ಸಿನಲ್ಲಿ ಊಟ ಮಾಡಿ ಬಂದು ಆ ಯಂತ್ರಗಳ ಮುಂದೆ ಒದ್ದಾಡುವುದನ್ನು ನಾನು ಓದುತ್ತ ಕೂತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಗಿದೆ, ಅನೀಸಾ.

ಸಂಗತಿ ಇಷ್ಟೇ. ಐದು ಯಂತ್ರಗಳು ನಾವಿದ್ದೇವೆ ಎಂದರೆ ಸಾಲದು. ಕಂಟ್ರೋಲರ್ ಒಮ್ಮೆ ಹೊರಟು ಅವುಗಳನ್ನು ಹುಡುಕಿ, ಇವು ನಮ್ಮವು ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಹಾಗೆ ಹುಡುಕು ಎಂದು ನಾವು ಹೇಳುವವರೆಗೆ ಅದು ಹುಡುಕುವುದಿಲ್ಲ. ಆ ಸಾಲನ್ನು ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಕೊನೆಯ ಪದ "ಡಿಸ್ಕವರ್ ಹೋಸ್ಟ್ಸ್". ಕಂಟ್ರೋಲರ್‌ನಲ್ಲಿ ಒಂದು ಸಲ ಹೊಡೆದರೆ ಸಾಕು.

ಹುದ್ದೆ ನನಗೆ ಬೇಕು. ನಿನಗೆ ಬಿಟ್ಟುಕೊಡುತ್ತೇನೆ ಎಂದು ಬರೆಯಲು ನಾಲ್ಕು ಸಲ ಕೂತೆ, ಕೈ ಬರಲಿಲ್ಲ. ಸುಳ್ಳು ದೊಡ್ಡತನ ಬೇಡ. ನಿನಗೂ ಬೇಕೆಂದು ಗೊತ್ತಾಯಿತು. ಯಾರ ಹೆಸರು ತುಂಬಬೇಕೆಂದು ನೀನೇ ನೋಡು. ನಿನ್ನ ಹೆಸರು ತುಂಬಿದರೆ ಎರಡು ತಿಂಗಳು ಸಿಟ್ಟು ಮಾಡುತ್ತೇನೆ, ಆಮೇಲೆ ಮಾದೇವಿಯನ್ನು ಎತ್ತಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅದೇನೇ ಇರಲಿ, ಸೋಮವಾರ ಮೂವತ್ತು ಹುಡುಗರು ಖಾಲಿ ಪರದೆ ನೋಡುತ್ತ ಕೂರಬಾರದು. ಸೋಮವಾರದ ಮೊದಲ ಬಸ್ಸಿಗೇ ಕೊಡು ಎಂದು ಕಲ್ಲೇಶನಿಗೆ ಹೇಳಿದ್ದೇನೆ.

ಶಾಂಭವಿ


ಕೊಪ್ಪಳ
೨೦ ಜನವರಿ ೨೦೨೫

ಅಕ್ಕಾ,

ಕಲ್ಲೇಶಣ್ಣ ಒಂಬತ್ತು ಗಂಟೆಗೆ ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಏದುಸಿರು ಬಿಡುತ್ತ ಲ್ಯಾಬಿನ ಬಾಗಿಲಿಗೇ ಬಂದ. ಓದಿದೆ. ಹತ್ತನೆಯ ಸಾಲು ಹೊಡೆದೆ. ಕಂಟ್ರೋಲರ್ ಐದು ಸಿಕ್ಕವು ಎಂದು ಬರೆಯಿತು. ಹತ್ತೂವರೆಗೆ ಮೂವತ್ತೂ ವರ್ಚುವಲ್ ಮಷೀನ್ ಎದ್ದಿದ್ದವು. ಎಲಾ ಇವುಗಳ! ಹನ್ನೊಂದಕ್ಕೆ ತಪಾಸಣೆಯವರು ಬಂದರು. ಹಿಂದಿನ ಬೆಂಚಿನ ಹುಲಿಗೇಶ ಬೇಕೆಂದೇ ತನ್ನ ಮಷೀನ್ ಅಳಿಸಿಹಾಕಿ, ಅವರ ಎದುರೇ ಹೊಸದನ್ನು ಎಬ್ಬಿಸಿ ತೋರಿಸಿದ. ಅವರಲ್ಲಿ ಹಿರಿಯರೊಬ್ಬರು ಚಪ್ಪಾಳೆ ತಟ್ಟಿದರು. ಮುದಿಯಪ್ಪಣ್ಣ ಎಲ್ಲರಿಗಿಂತ ಮೊದಲು ಅತ್ತರು. ಲ್ಯಾಬ್ ಉಳಿಯಿತು.

ಈಗ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಆ ಸಾಲು ನನಗೆ ಶುಕ್ರವಾರವೇ ಸಿಕ್ಕಿತ್ತು.

ನಿಮ್ಮ ಪತ್ರ ಬಾರದೆ ಇದ್ದಾಗ ನೆಟ್‌ನಲ್ಲಿ ಕೂತು ಹುಡುಕಿದೆ. ಆ ತಪ್ಪಿಗೆ ಮೊದಲ ಉತ್ತರವೇ ಅದು. ಇಷ್ಟು ಸಣ್ಣದನ್ನು, ಎಲ್ಲರಿಗೂ ಗೊತ್ತಿರುವುದನ್ನು, ನೀವು ಮರೆಯುವವರಲ್ಲ. ಬೇಕೆಂದೇ ಬಿಟ್ಟಿದ್ದೀರಿ ಎಂದು ಆಗಲೇ ತಿಳಿಯಿತು. ಯಾ ಅಲ್ಲಾ, ಎಂಥ ಸಿಟ್ಟು ಬಂತು ಅಂತೀರಿ! ನಾನು ಒಂದು ಮಾತು ಮುಚ್ಚಿಟ್ಟು ಊಟ ಬಿಟ್ಟಿದ್ದೆ, ನೀವು ಮೊದಲ ದಿನದಿಂದಲೇ ನನ್ನನ್ನು ನಂಬಿರಲಿಲ್ಲ.

ಹೊಡೆಯಲು ಕೀಬೋರ್ಡಿನ ಮೇಲೆ ಕೈ ಇಟ್ಟೆ. ಆಮೇಲೆ ತೆಗೆದೆ. ಸೋಮವಾರ ಬೆಳಿಗ್ಗೆಯವರೆಗೆ ಕಾಯೋಣ ಎಂದುಕೊಂಡೆ. ಅಕ್ಕ ಆ ಸಾಲನ್ನು ತಾನಾಗಿ ಬರೆದು ಕಳಿಸಿದರೆ ಫಾರಮ್ಮಿನಲ್ಲಿ ಅಕ್ಕನ ಹೆಸರು. ಕಳಿಸದಿದ್ದರೆ ನಾನೇ ಹೊಡೆಯುತ್ತೇನೆ, ಫಾರಮ್ಮಿನಲ್ಲಿ ನನ್ನ ಹೆಸರು. ಅಜ್ಜಿಗೂ ಇದನ್ನು ಹೇಳಲಿಲ್ಲ. ಸುಳ್ಳು ದೊಡ್ಡತನ ಬೇಡ ಎಂದು ನೀವೇ ಬರೆದಿದ್ದೀರಿ, ಅದಕ್ಕೆ ಹೇಳುತ್ತೇನೆ. ಶನಿವಾರ ಮತ್ತು ಭಾನುವಾರ, ಪತ್ರ ಬರಬಾರದು ಎಂದೂ ಒಮ್ಮೊಮ್ಮೆ ಬೇಡಿಕೊಂಡೆ. ಇಂದು ಒಂಬತ್ತು ಗಂಟೆಗೆ ಕಲ್ಲೇಶಣ್ಣನ ಖಾಕಿ ಅಂಗಿ ಕಂಡಾಗ ಹುದ್ದೆ ಹೋಯಿತೆಂದುಕೊಂಡೆ. ಲಕೋಟೆ ಒಡೆದು ದೊಡ್ಡ ಅಕ್ಷರದ ಆ ಚೀಟಿ ನೋಡಿದಾಗ ಮಾತ್ರ, ಅಕ್ಕಾ, ಹುದ್ದೆ ಹೋದದ್ದಕ್ಕೆ ಅಳು ಬರಲಿಲ್ಲ. ನೀವು ಸಿಕ್ಕಿರೆಂದು ಬಂತು.

ಸಂಜೆ ಉಮಾಪತಿ ಸರ್ ಎದುರು ಕೂತು ಫಾರಮ್ ತುಂಬಿದೆ. "ಇದೇನವಾ, ಆಕಿ ಹೆಸರು ಬರದಿ?" ಎಂದರು. "ಆಕಿ ಬರೂತನಕ ಆಕಿ ಕೆಲಸ ನಾ ಮಾಡ್ತೀನ್ರಿ ಸರ್. ಮುಂದಿನ ಹುದ್ದೆ ಬಂದ್ರ ನನ್ನ ಬಿಟ್ಟು ಯಾರನ್ನೂ ಕರಿಯಂಗಿಲ್ಲ, ಮಾತು ಕೊಡ್ರಿ" ಎಂದೆ. ಫಾರಮ್ಮನ್ನು ನನ್ನ ಕಡೆ ಸರಿಸಿ, "ಕೊಟ್ಟೆ" ಎಂದರು. ನನಗೆ ಆ ಕುರ್ಚಿ ಈಗಲೂ ಬೇಕು. ಅದನ್ನು ನಿಮ್ಮಿಂದ ಕದಿಯುವುದು ಬೇಡ.

ಫಾರಮ್ ಇದರೊಳಗೆ ಇಟ್ಟಿದ್ದೇನೆ. ಹೆಸರು, ವಿದ್ಯಾರ್ಹತೆ, ಏಳು ವರ್ಷದ ಅನುಭವ, ಎಲ್ಲ ನನ್ನ ಅಕ್ಷರದಲ್ಲಿದೆ. ಸಹಿ ಮಾತ್ರ ನಿಮ್ಮದೇ ಆಗಬೇಕು. ಹಾಕಿ, ನಾಳೆಯ ಬಸ್ಸಿಗೇ ಕಳಿಸಿ.

ನಿಮ್ಮ ತಂಗಿ
ಅನೀಸಾ